ಏಳು ಮೈಲಿ

ಗುರುವಾರ ಸಂಜೆ ನಾಲ್ಕು ಹತ್ತಕ್ಕೆ ಪತ್ರ ಬಂತು.
ನಾನಾಗ ಬಸ್ಸಿನಲ್ಲಿ, ವೆಲ್‌ಬೋರ್ನ್ ಗ್ರಾಮರ್ ಶಾಲೆಯ ಎದುರು,
ಮೆರೂನ್ ಕೋಟಿನವರು ಹತ್ತಿ ಮುಗಿಯಲೆಂದು ಕಾಯುತ್ತ.
'ಭಾರವಾದ ಮನಸ್ಸಿನಿಂದ ತಿಳಿಸುತ್ತಿದ್ದೇನೆ' ಎಂದು ಶುರು.
ಬೇಸಿಗೆ ರಜೆ ಕಳೆದ ಮೇಲೆ ಮಿಸೆಸ್ ಹ್ಯಾಲಿವೆಲ್
ಕಿಂಗ್ಸ್‌ಮಾರ್ಷ್ ಗ್ರಾಮರ್ ಶಾಲೆಯ ಮುಖ್ಯೋಪಾಧ್ಯಾಯಿನಿ.

ಅಲ್ಲೂ ಪರೀಕ್ಷೆ ಪಾಸಾದವರೇ, ಇಲ್ಲೂ ಪಾಸಾದವರೇ.
ಇಲ್ಲಿ ಮೆರೂನು, ಅಲ್ಲಿ ಕಡುಹಸಿರು.
ನಡುವೆ ಏಳು ಮೈಲಿ, ಹನ್ನೆರಡು ನಿಲ್ದಾಣ, ಒಂದು ರೈಲು ಗೇಟು.
ದಿನಕ್ಕೆ ಆರು ಸಲ ನಾನು ಓಡಾಡುವ ದಾರಿ;
ಭಾರವಾದ ಮನಸ್ಸಿನಿಂದ ಯಾರೂ ನನ್ನ ಕಳಿಸಿಕೊಟ್ಟದ್ದಿಲ್ಲ.

ಮಂಗಳವಾರ ಪಾಲಕರ ಸಭೆ.
ಒಬ್ಬೊಬ್ಬ ಮೇಷ್ಟರಿಗೆ ಐದು ನಿಮಿಷ, ಆಮೇಲೆ ಗಂಟೆ.
ಫಿಸಿಕ್ಸ್ ಸಾಲಿನಲ್ಲಿ ನಿಂತವರು ಯಾರೂ ಫಿಸಿಕ್ಸ್ ಮಾತಾಡಲಿಲ್ಲ.
'ಭಾರ ಮನಸ್ಸಿನದೋ, ಜೇಬಿನದೋ?'
ಕೊಳಾಯಿ ಕೆಲಸದ ಕ್ಲೈವ್ ಕೇಳಿ ತಾನೇ ನಕ್ಕ.
ಔಷಧದಂಗಡಿಯ ಯೋಗರಾಣಿ ನಗಲಿಲ್ಲ:
'ನನ್ನ ಮಗ ಊಟದ ಹೊತ್ತು ಒಬ್ಬನೇ ಕೂರುತ್ತಾನೆಂದು
ನನಗಿಂತ ಮೊದಲು ಗೊತ್ತಾದದ್ದು ಅವರಿಗೆ.'
ಡೊರೊಟಾ ಮೊಬೈಲಿನಲ್ಲಿ ಎರಡೂ ಶಾಲೆಯ ಫಲಿತಾಂಶ ತೆಗೆದು
ಬದನೆಕಾಯಿ ಆರಿಸುವವಳ ಹಾಗೆ ತಿರುಗಿಸಿ ತಿರುಗಿಸಿ ನೋಡಿದಳು.
ಶನಿವಾರವೂ ಟೈ ಕಟ್ಟುವ ಬಂಡೆಲೆ
ಗೋಡೆಯ ಮೇಲಿನ ಹಳೇ ಮುಖ್ಯಸ್ಥರ ಪಟ ಎಣಿಸಿದ.
'ಹದಿನಾಲ್ಕು ಜನ. ಹನ್ನೆರಡು ಮಂದಿ ಇಲ್ಲೇ ಮುದುಕರಾದರು.'
'ನಾವೇನು ಹತ್ತಿ ಹೋಗುವ ಮೆಟ್ಟಿಲೇ?' ಎಂದಿತು ಹಿಂದಿನಿಂದ ಒಂದು ದನಿ.
ಇನ್ನೊಂದು ದನಿ 'ನಿಷ್ಠೆ' ಎಂದಿತು.
ಎಲ್ಲರೂ ತಲೆಯಾಡಿಸಿದರು.
ನಾನೂ.

ಗಂಟೆ ಹೊಡೆಯಿತು. ಟ್ಯಾಮ್ಸಿನ್‌ಗೆ ಬಲ, ವೇಗ ಎರಡೂ ಅರ್ಥವಾಗಿದೆಯಂತೆ,
ದಿಕ್ಕು ಮಾತ್ರ ಬರೆಯಲು ಮರೆಯುತ್ತಾಳಂತೆ.

ರಾತ್ರಿ ಖಾಲಿ ಬಸ್ಸು ಡಿಪೋಗೆ ಬಿಡುವಾಗ ನೆನಪಾಯಿತು
ಮೂರು ವರ್ಷದ ಹಿಂದಿನ ಅಕ್ಟೋಬರ್, ಅಡುಗೆಮನೆಯ ಮೇಜು,
ಅರ್ಜಿಯಲ್ಲಿ ಆರು ಖಾಲಿ ಸಾಲು.
ಮೊದಲನೆಯದರಲ್ಲಿ ಕಿಂಗ್ಸ್‌ಮಾರ್ಷ್ ಎಂದು ಬರೆದದ್ದು
ಇದೇ ಕೈ.
ವೆಲ್‌ಬೋರ್ನ್ ಎರಡನೆಯದು.
ಮೂರು ಅಂಕ ಸಾಲದೆ ಬಂದವರು ನಾವು, ಆರಿಸಿ ಬಂದವರಲ್ಲ.
ಆ ಸಾಲಿನಲ್ಲಿ ನಿಂತವರಲ್ಲಿ ಇನ್ನೆಷ್ಟು ಮಂದಿಯೋ,
ಕೇಳುವ ಧೈರ್ಯ ಯಾರಿಗಿದೆ.

ಇನ್ನೂ ಒಂದು ನೆನಪಾಯಿತು, ಬೇಡವೆಂದರೂ.
ಹಿರಿಯವ ಕಿಟ್ ಓದಿದ್ದು ಐದನೇ ನಿಲ್ದಾಣದ ಬೀಚ್‌ಲ್ಯಾಂಡ್ಸಿನಲ್ಲಿ,
ಬೂದು ಸ್ವೆಟರು, ಪರೀಕ್ಷೆ ಪಾಸಾಗದವರಿಗೆ.
ಐದು ವರ್ಷದಲ್ಲಿ ನಾಲ್ಕು ಮುಖ್ಯಸ್ಥರು ಬದಲಾದರು.
ಯಾರೂ ಕಣ್ಣೊರೆಸಿಕೊಳ್ಳಲಿಲ್ಲ, ಪಟ ಎಣಿಸಲಿಲ್ಲ.
ನಾನು ಕೊನೆಯವರ ಹೆಸರನ್ನೂ ಕಲಿಯಲಿಲ್ಲ.

ಜೂನಿನ ಒಂದು ಬೆಳಿಗ್ಗೆ ಅವರೇ ಬಸ್ಸು ಹತ್ತಿದರು,
ಕಾರು ಗ್ಯಾರೇಜಿನಲ್ಲಂತೆ. ಕೈಯಲ್ಲಿ ಒಂದು ಫೈಲು.
'ಟ್ಯಾಮ್ಸಿನ್ ಅಪ್ಪ ಅಲ್ಲವೇ? ಕಿಂಗ್ಸ್‌ಮಾರ್ಷಿಗೆ ಒಂದು.'
ಬಾಯಿಗೆ ಬಂದದ್ದು ಬಹಳ.
ಹೊರಬಿದ್ದದ್ದು ದಿನವೂ ಕೇಳುವ ಮಾತು:
'ಹೋಗಿಬರುವುದೋ, ಬರೀ ಹೋಗುವುದೋ?'
ಅವರು ನನ್ನನ್ನು ಒಂದು ಗಳಿಗೆ ನೋಡಿದರು.
'ಇವತ್ತು ಹೋಗಿಬರುವುದು' ಎಂದು ಕಾರ್ಡ್ ತೋರಿಸಿದರು.

ಐದನೇ ನಿಲ್ದಾಣದಿಂದ ಬೂದು ಸ್ವೆಟರಿನ ಹುಡುಗನೊಬ್ಬ ಓಡಿಬಂದ,
ತಡವಾಗಿ ಎದ್ದವನು, ಒಂದು ಶೂ ಲೇಸು ಬಿಚ್ಚಿ.
ಅವನು ಇಳಿಯಬೇಕಾದದ್ದು ಇಲ್ಲೇ, ಹತ್ತಿದ್ದು ಯಾಕೋ.
ನಾನೇನೂ ಕೇಳಲಿಲ್ಲ. ಅವರು ಫೈಲು ಸರಿಸಿ ಜಾಗ ಕೊಟ್ಟರು,
'ನಿನ್ನ ಹೆಸರೇನು?' ಎಂದರು.
ಉತ್ತರ ಕೇಳಿಸುವಷ್ಟರಲ್ಲಿ ರೈಲು ಗೇಟು ಬಿತ್ತು,
ಕೆಂಪು ದೀಪ, ಗಂಟೆಯ ಗದ್ದಲ.
ಎಂಜಿನ್ ಆರಿಸಿದೆ.