ಏಳುನೂರಾ ಇಪ್ಪತ್ತು

ಕೌಲ್ ಬಜಾರಿನಲ್ಲಿ ಕರೆಂಟು ಹೋದರೆ
ಮೂವತ್ತು ಮಿಷನ್ನು ಒಮ್ಮೆಗೇ ಉಸಿರು ಬಿಡುತ್ತವೆ.
ಆಗ ಕೇಳಿಸುತ್ತದೆ ಉಳಿದ ಸದ್ದು:
ಚರಂಡಿಯಲ್ಲಿ ನೀಲಿ ನೀರು,
ಯಾರದೋ ಒಗ್ಗರಣೆಗೆ ಸಿಡಿಯುವ ಮೆಣಸಿನಕಾಯಿ,
ಮೇಜಿನ ಕೆಳಗೆ ಕೂತು ಪಂಪಾವತಿ
ರಟ್ಟು ಕೊಯ್ಯುವುದು.

ಎಂಟನೆಯ ತರಗತಿ. ಗಣಿತದ ಮಾದರಿ ತರಬೇಕಂತೆ.
ಅಂಗಡಿಯಲ್ಲಿ ಥರ್ಮಾಕೋಲು ಎಂಬತ್ತು ರೂಪಾಯಿ.
"ಯಾಕ ಕೊಳ್ತೀಯವ್ವ," ಅಂದರು ಚಮನ್ ಸಾಬ್ ಮಾಸ್ತರು,
"ಹಳೇ ಫರ್ಮಾ ಬೇಕಾದಷ್ಟು ಬಿದ್ದಾವ.
ಇಪ್ಪತ್ತಾರರ ಸೊಂಟ ಈಗ ಯಾರಿಗೈತಿ?"

ಮೊದಲು ತ್ರಿಕೋನ, ಮೂರೂ ಬದಿ ಒಂದೇ ಅಳತೆ.
ಒಂದು ಚುಕ್ಕಿಯ ಸುತ್ತ ಆರು ಜೋಡಿಸಿದಳು;
ರೊಟ್ಟಿಯ ಹಾಗೆ ಬಿದ್ದುಕೊಂಡಿತು.
ಏಳು ಜೋಡಿಸಿದಳು; ಲಂಗದ ಝಾಲರಿನ ಹಾಗೆ
ಮೇಲೂ ಕೆಳಗೂ ಅಲೆದು ಎಲ್ಲೂ ಕೂರಲಿಲ್ಲ.
ಒಂದು ತೆಗೆದಳು, ಇನ್ನೊಂದು ತೆಗೆದಳು,
ಐದರ ಬಾಯಿ ಸೇರಿಸಿ ಟೇಪು ಹಚ್ಚಿದ್ದೇ ತಡ
ರಟ್ಟು ನೆಲ ಬಿಟ್ಟು ಎದ್ದಿತು.

"ಡಾರ್ಟ್ ಹಿಡಿದಿ ನೋಡು," ಅಂದರು ಮಾಸ್ತರು.
"ಬಟ್ಟೆ ಚಪ್ಪಟ್ಟಿ, ಮನುಷ್ಯ ಚಪ್ಪಟ್ಟಿ ಅಲ್ಲ.
ಎಷ್ಟು ತೆಗೀಬೇಕಂತ ಗೊತ್ತಿದ್ದಾವನೇ ಕಟಿಂಗ್ ಮಾಸ್ತರ."
ಹೇಳುತ್ತ ಬಲಗೈ ಚಾಚಿದರು. ಮೂರೇ ಬೆರಳು.
ಎರಡನ್ನು ಹೋದ ವರ್ಷದ ಹಿಂದಿನ ವರ್ಷ ಮಿಷನ್ನು
ನಲವತ್ತು ಪದರು ಡೆನಿಮ್ಮಿನ ಜೊತೆಗೇ ತೆಗೆದಿತ್ತು.
ಅವರು ತೋರಿಸಿದ್ದು ಅದನ್ನಲ್ಲ, ರಟ್ಟಿನ ತುದಿಯನ್ನು.

ಪಂಪಾವತಿ ಲೆಕ್ಕಕ್ಕೆ ಕೂತಳು. ಒಂದು ಮೂಲೆಗೆ ಎಷ್ಟು ಕಡಿಮೆ?
ಮುನ್ನೂರಾ ಅರವತ್ತರಲ್ಲಿ ಅರವತ್ತು.
ಇಪ್ಪತ್ತು ತ್ರಿಕೋನ ಕೂಡಿ ಬಾಯಿ ಮುಚ್ಚಿದಾಗ ಹನ್ನೆರಡು ಮೂಲೆ.
ಹನ್ನೆರಡು ಅರವತ್ತಲೆ ಏಳುನೂರಾ ಇಪ್ಪತ್ತು.
ದಾರದ ರೀಲು ಬಂದ ಚೌಕದ ಡಬ್ಬಿ ಎಳೆದುಕೊಂಡಳು:
ಒಂದೊಂದು ಮೂಲೆಗೂ ತೊಂಬತ್ತು ಕಡಿಮೆ.
ಮೂಲೆಗಳನ್ನು ಮಾಸ್ತರು ಬೆರಳಲ್ಲಿ ಎಣಿಸಿದರು,
ಸರಿಯಾಗಿ ಎಂಟಕ್ಕೆ ಬೆರಳು ಮುಗಿದವು.
ಏಳುನೂರಾ ಇಪ್ಪತ್ತು.
"ಮತ್ತ ಅದೇ!" ಕೂಗಿದ ರಭಸಕ್ಕೆ
ಗಲ್ಲಿಯ ನಾಯಿ ಎದ್ದು ಕೂತಿತು.
ಸಮೋಸದಂಥದ್ದು, ನಾಲ್ಕೇ ಮೂಲೆ, ನೂರೆಂಬತ್ತರಂತೆ.
ಅದೇ.

ಕರೆಂಟು ಬಂತು. ನನಗೂ ಕೈ ತಡೆಯಲಿಲ್ಲ.
ಜೇಬಿನ ತುಂಡುಗಳಲ್ಲಿ ಹನ್ನೆರಡು ಪಂಚಕೋನ ಕೊಯ್ದೆ.
ಐದು ಮೂಲೆಯ ಕಲ್ಲು ನೆಲಕ್ಕೆ ಹಾಸಲು ಬಾರದು,
ಮೂರು ಕೂಡಿಸಿದರೆ ನಡುವೆ ಸಂದು ಉಳಿಯುತ್ತದೆ
ಅನ್ನುತ್ತಿರುತ್ತಾನೆ ನನ್ನ ಗಂಡ, ಗೌಂಡಿ.
ಆ ಸಂದನ್ನೇ ಹಿಡಿದು ಹೊಲಿದೆ.
ಬಣ್ಣ ಒಂದಕ್ಕೊಂದು ಕೂಡಲಿಲ್ಲ. ಕಲ್ಲಲ್ಲಿ ಒಗೆದದ್ದು,
ಆಸಿಡ್ಡಲ್ಲಿ ಒಗೆದದ್ದು, ನೀರೇ ಕಾಣದ್ದು.
ಇಪ್ಪತ್ತೆಂಟು ಹೊಲಿಗೆಯವರೆಗೂ ಮಿಷನ್ನು ನಡೆಯುತ್ತದೆ,
ಎಲ್ಲ ಒಳಮೈ ಹೊರಗಾಗಿ.
ಆಮೇಲೆ ಉಳಿದ ಬಾಯಲ್ಲಿ ಇಡೀ ಗುಂಡನ್ನೇ ತಿರುವಿ,
ದಾರದ ಕಸ ತುಂಬಿ,
ಕೊನೆಯ ಎರಡನ್ನು ಕೈಸೂಜಿಯಲ್ಲಿ ಹೊರಗಿನಿಂದಲೇ ಹಾಕಬೇಕು.
ಒಳಗೆ ಕೂತು ಬಾಗಿಲು ಮುಚ್ಚುವವರು ಯಾರೂ ಇಲ್ಲ.
ಎರಡು ಪ್ಯಾಂಟಿನ ಕೂಲಿ ಹೋಯಿತು.

ಶಾಲೆಯಲ್ಲಿ ಬಹುಮಾನ ಬಂದದ್ದು
ಸೋಡಾಪುಡಿ ಕಕ್ಕುವ ಜ್ವಾಲಾಮುಖಿಗೆ.
ನಮ್ಮದು ಈಗ ಕಟಿಂಗ್ ಮೇಜಿನ ಮೇಲೆ
ಮೈತುಂಬ ಗುಂಡುಪಿನ್ನು ಚುಚ್ಚಿಸಿಕೊಂಡು ಕೂತಿದೆ.
ಹೇಗೆ ಒಗೆದರೂ ಒಂದು ಮುಖದ ಮೇಲೆ ಕೂರುತ್ತದೆ,
ಇನ್ನೊಂದನ್ನು ನೇರ ಸೂರಿಗೆ ತೋರಿಸುತ್ತದೆ.

ನಿನ್ನೆ ಸಂಜೆ ಅವಳು ಹೊಸ ಪ್ಯಾಂಟೊಂದನ್ನು ಎತ್ತಿ ಹಿಡಿದಳು.
"ಮಾಸ್ತರೇ, ಇದರದೆಷ್ಟು?"
ಕಾಲೆರಡೂ ಕೂಡುವಲ್ಲಿ, ನಾಲ್ಕು ಹೊಲಿಗೆ ಸೇರುವ ಜಾಗಕ್ಕೆ
ಅವರು ಹೆಬ್ಬೆರಳು ಒತ್ತಿದರು.
ಅಲ್ಲಿ ಬಟ್ಟೆ ಕಡಿಮೆಯಿಲ್ಲ, ಹೆಚ್ಚಿದೆ;
ಏಳು ತ್ರಿಕೋನದ ಹಾಗೆ ಅತ್ತ ಏರಿ ಇತ್ತ ಇಳಿಯುತ್ತದೆ.
ಬಹಳ ಹೊತ್ತು ಸುಮ್ಮನಿದ್ದರು.
"ನಲವತ್ತು ವರ್ಷ ಕೊಯ್ದೀನಿ," ಅಂದರು,
"ಇದನ್ನ ಯಾರೂ ಕೇಳಿದ್ದಿಲ್ಲ."
ಸೀಮೆಸುಣ್ಣವನ್ನು ಎಡಗೈಗೆ ತೆಗೆದುಕೊಂಡರು.