ಒಕ್ಕಣ್ಣಿನ ಓಪೆಲ್

ನಿನ್ನೆ ರಾತ್ರಿ ಕ್ಯಾರ್ಡ್ಲಾ ತಿರುವಿನಲ್ಲಿ
ಎದುರು ಬಂದವನು ಬೈಕೆಂದೇ ಬಗೆದು
ನನ್ನ ಪಕ್ಕೆಗೆ ಉಜ್ಜುವಷ್ಟು ಹತ್ತಿರ ಹೋದ.
ಎಡಗಣ್ಣು ಹೋಗಿದೆ ಕಾರಿಗೆ.
ಬೆಳಗಿನ ಆರೂವರೆಗೆ ಫೆರಿ.
ನವೆಂಬರಿನಲ್ಲಿ, ಈ ಹೀಉಮಾ ದ್ವೀಪದಲ್ಲಿ,
ಆರೂವರೆ ಎಂದರೆ ನಡುರಾತ್ರಿಯ ಇನ್ನೊಂದು ಮಗ್ಗುಲು.

ನಾಲ್ಕಕ್ಕೇ ಎದ್ದು ಬಾನೆಟ್ಟು ಎತ್ತಿದೆ. ಕೈಪಿಡಿ ಹೇಳುತ್ತದೆ,
ಬಲ್ಬನ್ನು ಸುಲಭವಾಗಿ ಬದಲಿಸಬಹುದು ಎಂದು.
ಬರೆದವನಿಗೆ ಕೈಯಿರಲಿಲ್ಲವೋ ಏನೋ.
ದೀಪದ ಬೆನ್ನಿಗೂ ಬ್ಯಾಟರಿಯ ಹೊಟ್ಟೆಗೂ ನಡುವೆ
ಒಂದು ಬ್ರೆಡ್ಡಿನ ಚೂರು ತೂರೀತು,
ಬೆಣ್ಣೆ ಸವರಿರದಿದ್ದರೆ.
ಗಡಿಯಾರ ಸಿಕ್ಕಿ, ಗೆಣ್ಣಿನ ಚರ್ಮ ಸುಲಿದು,
ಟಾರ್ಚನ್ನು ಹಲ್ಲಲ್ಲಿ ಕಚ್ಚಿ ಜೊಲ್ಲು ಸುರಿಸಿ,
ಬೆಳಕು ಬಿದ್ದಲ್ಲಿ ಕೈ ಹೋಗದೆ
ಕೈ ಹೋದಲ್ಲಿ ಬೆಳಕು ಬೀಳದೆ
ಬೈದೆ, ಅಮ್ಮ ಕೇಳಿದ್ದರೆ ಬಾಯಿಗೆ ಸೋಪು ತಿಕ್ಕುತ್ತಿದ್ದಳು.

ಒಳಗೆ ಅಣ್ಣ ಕಾಲ್ಯು
ಯಾರದೋ ಅಕಾರ್ಡಿಯನ್ನಿನ ಹೊಟ್ಟೆ ಬಿಚ್ಚಿಕೊಂಡು
ರೀಡುಗಳಿಗೆ ಮೇಣ ಹಚ್ಚುತ್ತಿದ್ದವನು
ನನ್ನ ಬೈಗುಳದ ಶ್ರುತಿ ಹಿಡಿದು ಹೊರಬಂದ.
ರಾತ್ರಿಯಲ್ಲಿ ಕೆಲಸ, ಹಗಲಲ್ಲಿ ನಿದ್ದೆ.
ದೀಪ ಹಾಕಿಕೊಳ್ಳುವ ಪರಿಪಾಠ ಅವನಿಗಿಲ್ಲ,
ಮೂವತ್ತೈದು ವರ್ಷವಾಯಿತು.

"ಮೊದಲು ಬ್ಯಾಟರಿ ಕೀಳಬೇಕು," ಅಂದ.

ಸೋವಿಯತ್ ಕಾಲದ ಟ್ರಾಕ್ಟರ್ ಶೆಡ್ಡು. ಕಿಡಿ. ಆಸಿಡ್ಡು.
ಅವನ ಎರಡೂ ಕಣ್ಣು ನುಂಗಿದ್ದು ಇಂಥದೇ ಒಂದು ಕಪ್ಪು ಪೆಟ್ಟಿಗೆ.
ನಮ್ಮನೆಯಲ್ಲಿ ಆ ಶಬ್ದವನ್ನೇ ಆಡುವುದಿಲ್ಲ;
ರೇಡಿಯೋಗೆ ಹಾಕುವವನ್ನೂ "ಆ ಸಣ್ಣವು" ಎನ್ನುತ್ತೇವೆ.
ಆಡಿದವನು ಅವನೇ.
"ಮೊದಲು ಮೈನಸ್. ಹತ್ತರ ಸ್ಪ್ಯಾನರ್ ಕೊಡು.
ಉಸಿರು ಬಿಡೇ ಹುಡುಗಿ."
ನನಗೆ ಐವತ್ತೆಂಟು.

ತೋಳು ಮಡಿಸಿ ಕೈ ಒಳಗಿಳಿಸಿ
ಮುಖವನ್ನು ಬರ್ಚ್ ಮರಗಳ ಕಡೆ ತಿರುಗಿಸಿದ.
ಹಸುವಿನ ಹೊಟ್ಟೆಯೊಳಗೆ ಕರು ಹೊರಳಿಸುವವರು
ಎತ್ತಲೋ ಗೋಡೆ ನೋಡುತ್ತ ನಿಲ್ಲುತ್ತಾರಲ್ಲ, ಹಾಗೆ.
"ರಬ್ಬರ್ ಟೋಪಿ... ಬಂತು. ಪ್ಲಗ್ಗು... ಹಟಮಾರಿ.
ತಂತಿಯ ಕೊಂಡಿ. ಒತ್ತು, ಎಡಕ್ಕೆ, ಬಿಡು."
ನನಗೆ ಹೇಳಿದ್ದಲ್ಲ, ಬೆರಳಿಗೆ.
ಹಳೆಯ ಬಲ್ಬನ್ನು ಕಿವಿಯ ಬಳಿ ಅಲ್ಲಾಡಿಸಿದ.
ಕಡಿದ ತಂತು ಗಾಜಿನೊಳಗೆ ಸಣ್ಣಗೆ ಉಲಿಯಿತು.
"ಸತ್ತಿದೆ. ಸ್ವರ ಮಾತ್ರ ಚೆನ್ನಾಗಿದೆ."

ಹೊಸದರ ಗಾಜು ಮುಟ್ಟಬಾರದು,
ಬೆರಳ ಜಿಡ್ಡು ತಾಗಿದಲ್ಲೇ ಕಾದು ಒಡೆದೀತು.
ಲೋಕವನ್ನೆಲ್ಲ ಮುಟ್ಟಿಯೇ ನೋಡುವವನು
ಅದೊಂದನ್ನು ಮುಟ್ಟದೆ ಹಿಡಿದ,
ಕರವಸ್ತ್ರದಲ್ಲಿ, ಒಲೆಯಿಂದ ತೆಗೆದ ಆಲೂಗಡ್ಡೆಯಂತೆ,
ಅದಿನ್ನೂ ಬಿಸಿಯಾಗುವ ಮೊದಲೇ.
ಹಲ್ಲು ಗಾಡಿಯಲ್ಲಿ ಕೂತಿತು: ಟಿಕ್.
ಅಷ್ಟೂ ಹೊತ್ತು ನಾನು ಟಾರ್ಚು ಹಿಡಿದೇ ನಿಂತಿದ್ದೆ.
ಯಾರಿಗೆಂದು ಆಗ ಹೊಳೆಯಿತು. ಆರಿಸಿದೆ.

"ಕೂರಿಸುವಾಗ ಪ್ಲಸ್ ಮೊದಲು."
ಕೀಲಿ ತಿರುಗಿಸಿ "ಹತ್ತಿತು!" ಎಂದು ಕೂಗಿದೆ.
"ತಾಳು," ಎಂದು ಕಾರಿನ ಮುಂದೆ ಕುಕ್ಕರಗಾಲಲ್ಲಿ ಕೂತು
ದೀಪಕ್ಕೆ ಅಂಗೈ ಒಡ್ಡಿದ, ಚಳಿಗೆ ಬಂದವನಂತೆ.
ಬೆರಳ ಸಂದುಗಳಲ್ಲಿ ಕೆಂಪಾಗಿ ಸೋರಿದ ಬೆಳಕು
ಅವನ ಕೆನ್ನೆಯ ಹಳೆಯ ಸುಕ್ಕು ಕಲೆಗಳ ಮೇಲೆ ಬಿತ್ತು.
ಎಷ್ಟು ವರ್ಷಗಳಾಗಿದ್ದವೋ
ನಾನು ಆ ಮುಖವನ್ನು ನೇರ ನೋಡಿ.
ಬಹಳ ಹೊತ್ತಿನ ಮೇಲೆ, "ಹೌದು," ಅಂದ.
"ಈಗ ಹತ್ತಿತು."

"ಡಬ್ಬಿಯಲ್ಲಿ ಎರಡಿದ್ದವಲ್ಲ? ಅದನ್ನೂ ಹಾಕಿಬಿಡೋಣ.
ಜೋಡಿಯಲ್ಲಿ ಒಂದು ಹೋದರೆ
ಇನ್ನೊಂದಕ್ಕೂ ಹೆಚ್ಚು ದಿನವಿಲ್ಲ."
"ಫೆರಿ ತಪ್ಪುತ್ತೆ," ಅಂದೆ.
ಎರಡನೆಯದನ್ನು ಅವನ ಕರವಸ್ತ್ರದ ಸಮೇತ
ಡ್ಯಾಶ್‌ಬೋರ್ಡಿನ ಗೂಡಲ್ಲಿಟ್ಟು ಹೊರಟೆ.

ಹೆಲ್ಟರ್ಮಾ ಬಂದರು. ಹಡಗಿನ ಬಾಯಲ್ಲಿ
ಕೋಲುದೀಪದ ಹುಡುಗ ಕಣ್ಣಿಗೆ ಕೈ ಅಡ್ಡ ಹಿಡಿದು
ಆರಿಸು, ಆರಿಸು ಎಂದು ಸನ್ನೆ ಮಾಡಿದ.
ಒಂದು ಗಳಿಗೆ, ಬೇಕೆಂದೇ,
ಆರಿಸಲಿಲ್ಲ.