ಇಪ್ಪತ್ತು ತಾಸು

ಹೆಸರು: ಮಧುಮತಿ ಸೊರಟೂರ.
ವೃತ್ತಿ: ಸನ್ನೆ ಭಾಷೆಯ ದುಭಾಷಿ.
ಸ್ವಯಂ ಅಧ್ಯಯನದ ವಿಷಯ: ಗಂಟು.

ಹೋದ ವರ್ಷ ಗದಗಿನ ಆಸ್ಪತ್ರೆಯಲ್ಲಿ ಡಾಕ್ಟರು
ಫಿಲ್ಮು ಬೆಳಕಿಗೆ ಹಿಡಿದು "ಗಂಟೈತಿ" ಅಂದರು.
ನನ್ನ ಬೆರಳಿಗೆ ಅವಸರ;
ಇಲ್ಲದ ದಾರವೊಂದನ್ನು ಎಳೆದು ಬಿಗಿದವು.
ಅಂಬೂಬಾಯಿ ನಕ್ಕಳು.
ಬೆಟಗೇರಿಯ ಮಗ್ಗದಾಕೆ, ಹುಟ್ಟಾ ಕಿವಿ ಕೇಳದಾಕೆ:
ಗಂಟು ಬಿಡಿಸೋದು ನನ್ನ ದಿನದ ಕೂಲಿ,
ಅದಕ್ಕೇನು ಹೆದರಿಕಿ, ಅಂದಳು ಕೈಯಲ್ಲೇ.
ತಿರುಗಿ ಬಂದದ್ದು ನಾಲ್ಕು ತಿಂಗಳಿಗೆ.

ಮಾರ್ಗದರ್ಶಕರು: ಅಂಬೂಬಾಯಿ ಬಾಕಳೆ.
ಅವರ ವಿದ್ಯಾರ್ಹತೆ?
ಕಾಲಮ್ಮು ಖಾಲಿ ಬಿಟ್ಟೆ.

ರವಿವಾರಕ್ಕೆರಡು ತಾಸು
ಕುಣಿಮಗ್ಗದ ದಂಡೆಗೆ ಕೂತೆ.
ಲಾಳಿಯ ಸದ್ದನ್ನು ಆಕೆ ಅಂಗಾಲಲ್ಲಿ ಕೇಳುತ್ತಾಳೆ.
ಮೊದಲ ವಾರ ಪಾಠವಿಲ್ಲ, ಕಂಡಿಕಿ ಸುತ್ತಿಸಿದಳು.
ಸುತ್ತುವಷ್ಟು ಹೊತ್ತೂ ನಾನು ಮೂಕಿ.
ಐದನೇ ವಾರ ನನ್ನ ಬೆರಳು ಹಿಡಿದು
ಎಡ ಎದೆಯಿದ್ದಲ್ಲಿ, ಹೊಲಿಗೆಯ ಮೇಲಿಟ್ಟು
ಈಗಿಲ್ಲದ್ದನ್ನು ತೋರಿಸಿದಳು:
ಮುಷ್ಟಿ ಅಲ್ಲ, ದಾರ ಅಲ್ಲ,
ಚರ್ಮದಡಿ ಹೆಬ್ಬೆರಳಿಗೆ ಉರುಳುವ ಕಡಲೆಕಾಳು.
ಆಮೇಲೆ ಮುಖ.
ಮುಖ ಮರೆತರೆ ಸನ್ನೆ ಅರ್ಧ.

ಕಲಿತದ್ದನ್ನು ಮೂರು ಗೆರೆಯಲ್ಲಿ ಬರೆಯಿರಿ.
ಬರೆದೆ, ಹೊಡೆದು ಹಾಕಿದೆ.
ಹತ್ತು ತಾಸಿಗೆ ಒಂದು ಕ್ರೆಡಿಟ್ಟು, ಸರಿ;
ಆ ನಾಲ್ಕು ತಿಂಗಳಿಗೆ ಯಾವ ಕಾಲಮ್ಮು?

ಸಹಿಗೆ ಮೊದಲು ಅಂಬೂಬಾಯಿ
ಒಟ್ಟು ತಾಸಿನ ಅಂಕಿಯ ಮೇಲೆ ಬೆರಳಿಟ್ಟು,
ಪೆನ್ನು ಕಸಕೊಂಡು,
ಇಪ್ಪತ್ತು ಹೊಡೆದು ಹದಿನೆಂಟು ಮಾಡಿದಳು:
ಮಳಿ ಅಂತ ಒಂದು ರವಿವಾರ
ನೀ ಬರಲೇ ಇಲ್ಲ.